ಕಡಲಹಸುವಿಗೆ ಎರಡನೆಯ ಸಹಿ

ನಂಜನಾಡು
ಫೆಬ್ರವರಿ 24, 2003

ವೀಣಾ,

ಇದನ್ನು ಬರೆಯದೆಯೇ ಬಿಡುವವಳಿದ್ದೆ. ಮಸಿನಗುಡಿಯ ಆ ಪ್ರಾಣಿಗಣತಿಯಲ್ಲಿ, ಮಧ್ಯಾಹ್ನ ನೀನು ಕರಿಚಿರತೆ ಕಂಡ ಹೊತ್ತಿಗೆ, ನಾನು ನಿನ್ನ ಪಕ್ಕದಲ್ಲೇ ನಿದ್ದೆ ಹೋಗಿದ್ದೆ. ಎಲ್ಲರೆದುರು "ಏನೂ ಬರಲಿಲ್ಲ" ಎಂದುಬಿಟ್ಟೆ. ಜೊತೆಗಿದ್ದವಳ ಎರಡನೆಯ ಸಹಿಯಿಲ್ಲವೆಂದು ಗಣತಿಯ ಪಟ್ಟಿಯಿಂದ ನಿನ್ನ ಸಾಲನ್ನು ಹೊಡೆದುಹಾಕಿದರು. ಕಾಲೇಜಿನಲ್ಲಿ ನಿನಗೆ 'ಚಿರತೆ ವೀಣಾ' ಎಂಬ ಹೆಸರೇ ಉಳಿಯಿತು.

ಹೋದ ವಾರ ಅಂಡಮಾನಿನ ದ್ವೀಪಗಳನ್ನು ಸುತ್ತುವ ಸಣ್ಣ ಹಡಗಿನಲ್ಲಿದ್ದೆ. ಮುಖಕ್ಕೆ ಗಾಜು ಕಟ್ಟಿ, ಉಸಿರುಕೊಳವೆ ಕಚ್ಚಿ, ಇಬ್ಬಿಬ್ಬರಾಗಿ ನೀರಿಗಿಳಿಯಬೇಕು. ನನ್ನ ಜೋಡಿ ಮೈಸೂರಿನ ಸರ್ವಮಂಗಳಮ್ಮ, ಅರವತ್ತು ದಾಟಿದವರು. ನನ್ನ ಕೆಳಗೆ, ಕಡಲ ತಳದಲ್ಲಿ, ಒಂದು ಕಡಲಹಸು, ಡುಗಾಂಗ್ ಅನ್ನುತ್ತಾರಲ್ಲ ಆ ಅಪರೂಪದ ಪ್ರಾಣಿ, ಹುಲ್ಲು ಮೇಯುತ್ತಿತ್ತು. ಕೈ ತೋರಿಸುವಷ್ಟರಲ್ಲಿ ಹೊರಟುಹೋಯಿತು.

ಸಂಜೆ ಗೈಡ್ ಸುಧಾಕರನ್ ದಾಖಲೆ ಪುಸ್ತಕ ತೆರೆದು ನಕ್ಕ. "ಆಮೆ ಇರ್ಬೇಕು ಮೇಡಂ. ಇಬ್ರು ನೋಡಿದ್ರೆ ಬರೀತೀನಿ."

"ನನ್ನ ಕನ್ನಡಕ ಹಡಗಲ್ಲೇ ಇತ್ತು ಕಣಪ್ಪ, ನನಗೆ ನನ್ನ ಕಾಲೇ ಕಾಣ್ಲಿಲ್ಲ," ಎಂದರು ಸರ್ವಮಂಗಳಮ್ಮ. "ಇವಳು ಕಂಡೆ ಅಂತಾಳಲ್ಲ, ಹಾಗೇ ಬರೆದ್ರಾಯ್ತು. ಕೊಡಿಲ್ಲಿ ಪೆನ್ನು."

ತಾವು ನೋಡಿಲ್ಲ, ಜೊತೆಗಿದ್ದವಳು ನೋಡಿದ್ದಾಳೆ ಎಂದು ಬರೆದು ಸಹಿ ಹಾಕಿದರು.

ಎಷ್ಟು ಸುಲಭವಿತ್ತು. ಇಪ್ಪತ್ತೆರಡು ವರ್ಷ ಒಂದು ನಿದ್ದೆಯನ್ನು ಮುಚ್ಚಿಟ್ಟು ದಣಿದಿದ್ದೇನೆ, ವೀಣಾ.

ಹಿಂದಿನ ಎರಡು ಪತ್ರಗಳನ್ನು ನೀನು ಒಡೆಯದೆ ವಾಪಸು ಕಳಿಸಿದೆ. ಅವುಗಳಲ್ಲೂ ಈ ಮಾತಿರಲಿಲ್ಲ. ಇದನ್ನೂ ನೀನು ಒಡೆಯುವುದಿಲ್ಲ. ಅದಕ್ಕೇ ಇದು ನನ್ನಲ್ಲೇ ಇರಲಿ. ನಾನು ನಿದ್ದೆ ಹೋಗಿದ್ದೆ ಎಂಬಷ್ಟನ್ನೇ ಒಂದು ಕಾರ್ಡಿನಲ್ಲಿ ಬರೆಯುತ್ತೇನೆ. ಕಾರ್ಡನ್ನು ಒಡೆಯಬೇಕಾಗಿಲ್ಲ, ಅಂಚೆಯವನೂ ಓದಲಿ.

ಕಾರ್ಡನ್ನು ಅಂಚೆಡಬ್ಬಿಗೆ ಹಾಕುವುದು ಮುಂದಿನ ಸೋಮವಾರ, ಮಾರ್ಚ್ 3.