ಅತಿಥಿ ಪುಸ್ತಕದಲ್ಲಿ ಉಳಿದ ಹಾಳೆ

ಕೋಣೆ ನಂಬರ್ ನಾಲ್ಕು (ಖಾಲಿ)
ನವೆಂಬರ್ ೧೨

ಸಕಲ ಬುದ್ಧಿಮಾತುಗಳ ಅಕ್ಷಯ ಭಂಡಾರವೂ, ತಂಗಿಯ ಕಿವಿ ಹಿಂಡುವ ವಿದ್ಯೆಯಲ್ಲಿ ಪಾರಂಗತಳೂ, ಮದುವೆಯಾಗಿ ಹೋಗುವಾಗ ನನ್ನ ಹಳದಿ ಕೊಡೆಯನ್ನು ಹೊತ್ತೊಯ್ದ ಮಹಾಪರಾಕ್ರಮಿಯೂ ಆದ ಅಕ್ಕನವರ ಪಾದಾರವಿಂದಗಳಿಗೆ, ಆರು ಕೋಣೆ, ಹದಿನಾಲ್ಕು ದಿಂಬು ಮತ್ತು ಒಂದು ಸೋರುವ ನಲ್ಲಿಯ ಈ ವಸತಿಗೃಹದ ಯುವರಾಣಿಯು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮೂರು ತಿಂಗಳು ಕಾಗದ ಹಾಕದ ಅಪರಾಧವನ್ನು ಮನ್ನಿಸತಕ್ಕದ್ದು. ಕೈ ಮುರಿದಿರಲಿಲ್ಲ. ಬರೆದು ಬರೆದೇ ಈ ಗತಿ ಬಂದದ್ದರಿಂದ ಪೆನ್ನು ಮುಟ್ಟಲು ಭಯವಾಗಿತ್ತು, ಅಷ್ಟೆ.

ವಾರ್ತೆಗಳು ಹೀಗಿವೆ. ಬಸ್ಸು ಇನ್ನು ನಮ್ಮ ಸೇತುವೆಯ ಹತ್ತಿರ ನಿಲ್ಲುವುದಿಲ್ಲ. ಅಮ್ಮ ವರ್ತಕರ ಸಂಘದ ಅಧ್ಯಕ್ಷೆಯಾಗಿ ಉಳಿದಿಲ್ಲ. ಆ ಕುರ್ಚಿಯನ್ನು ಬೇಕರಿಯವರು ತಮ್ಮ ವಿಶಾಲ ದೇಹದಿಂದ ತುಂಬಿದ್ದಾರೆ. ನಾನು ಕ್ಷೇಮ. ಕ್ಷೇಮವಾಗಿರುವುದೇ ನಾಚಿಕೆಗೇಡು.

ನಿನಗೆ ನೆನಪಿರಬಹುದು, ಅಧ್ಯಕ್ಷೆಯಾಗು ಎಂದು ಹನ್ನೊಂದು ಅಂಗಡಿಯವರೂ ಬಂದು ಕೇಳಿದಾಗ ಅಮ್ಮ ಮೂರು ಸಲ ಒಲ್ಲೆ ಎಂದಿದ್ದಳು. "ಹಾಸಿಗೆ ಹಾಸೋಳಿಗೆ ಭಾಷಣ ಯಾಕೆ?" ಎನ್ನುತ್ತಿದ್ದಳು. ಕಳೆದ ವರ್ಷ ಒಪ್ಪಿದ್ದು ಒಂದೇ ಒಂದು ಹಾಳೆಯ ದೆಸೆಯಿಂದ. ಬಂದವರು ಅತಿಥಿ ಪುಸ್ತಕದಲ್ಲಿ ಬರೆದದ್ದನ್ನು ಆಗಿಂದಾಗ ಓದುವುದೆಂದರೆ ಬಾಗಿಲಿಗೆ ಕಿವಿ ಕೊಟ್ಟ ಹಾಗೆ ಎನ್ನುವುದು ಅಮ್ಮನ ಕಾನೂನಲ್ಲವೇ? ವರ್ಷಕ್ಕೊಂದು ಸಲ, ಜನರ ಓಡಾಟ ನಿಂತು ಕೋಣೆಗಳಿಗೆ ಬೀಗ ಹಾಕುವ ದಿನ, ಕನ್ನಡಕ ಏರಿಸಿ ಮೊದಲಿಂದ ಕೊನೆಯವರೆಗೆ ಓದುತ್ತಾಳೆ. ಕಳೆದ ವರ್ಷ ಎರಡನೇ ಕೋಣೆಯ ಮುದುಕರ ಹಾಳೆ ಅವಳಿಗೆ ಸಿಕ್ಕಿತು. "ಎಷ್ಟೋ ಊರು ಸುತ್ತಿದ್ದೇನೆ. ಈ ಮನೆಯ ಒಡತಿ ಸುಳ್ಳು ಹೇಳುವುದಿಲ್ಲ. ಬಿಸಿನೀರು ಇಲ್ಲದಿದ್ದರೆ ಇಲ್ಲ ಎನ್ನುತ್ತಾರೆ. ಇಂಥವರ ಮಾತನ್ನು ಊರು ಕೇಳಬೇಕು." ಅಮ್ಮ ಅದನ್ನು ನಾಲ್ಕು ಸಲ ಓದಿ, ಕಣ್ಣಿಗೆ ಹೊಗೆ ಹೋಯಿತೆಂದು ಹೇಳಿ ಎದ್ದಳು. ಒಲೆ ಹಚ್ಚಿರಲೇ ಇಲ್ಲ. ಮರುವಾರ ಅಧ್ಯಕ್ಷೆಯಾದಳು.

ಈ ವರ್ಷ ಬಸ್ಸಿನವರು ಗುಡ್ಡದಾಚೆಯ ಹೊಸ ರಸ್ತೆ ಹಿಡಿಯುತ್ತೇವೆ ಎಂದರು. ಇಲ್ಲಿ ನಿಲ್ಲಿಸಬೇಕೆಂದರೆ ಜನ ಇಳಿಯುತ್ತಾರೆಂದು ತೋರಿಸಿ ಎಂದರು. ಸಂಘದ ಸಭೆಯಲ್ಲಿ ಕ್ಷೌರದಂಗಡಿಯವನು, "ಪ್ರವಾಸಿಗಳ ಕೂದಲು ಗುಡಿಸಿಟ್ಟಿದೀನಿ, ಮೂಟೆ ಕಟ್ಟಿ ತರ್ಲಾ?" ಎಂದ. ಅಮ್ಮ ಮಾತ್ರ ಗಂಭೀರವಾಗಿ, "ನಮ್ಮನೇಲಿ ಪುಸ್ತಕ ಇದೆ" ಎಂದಳು.

ಪುಸ್ತಕವೇನೋ ಇತ್ತು. ಆಗಸ್ಟಿನಲ್ಲಿ ಮನೆ ಭಣಭಣ ಎನ್ನುತ್ತಿದ್ದಾಗ ನಿನ್ನ ತಂಗಿಯು ಅದರಲ್ಲಿ ಸಾಹಿತ್ಯ ಸೇವೆ ಮಾಡಿದ್ದಳು. ವರ್ಷದ ಕೊನೆಗೆ ಓದಿದಾಗ ಅಮ್ಮ ನಗಲಿ, ಬರಿಯ ಹಾಳೆ ನೋಡಿ ಪೆಚ್ಚಾಗದಿರಲಿ ಎಂಬ ಸದುದ್ದೇಶ. ಅವಳು ಹಿತ್ತಿಲಲ್ಲಿ ಯಾರೂ ಮಲಗದ ಹಾಸಿಗೆಗಳ ಹೊದಿಕೆಯನ್ನು ಒಗೆಯುವಾಗ ನಾನು ಒಳಗೆ ಕೂತು ಅತಿಥಿಗಳನ್ನು ಹಡೆಯುತ್ತಿದ್ದೆ. ಒಟ್ಟು ನಲವತ್ತೊಂದು ಜನ.

ಬಸ್ಸು ನಿಲುಗಡೆಯ ವಿಚಾರಣೆಯ ದಿನ ಅಮ್ಮ ಟ್ರಂಕಿನಿಂದ ಒಳ್ಳೆಯ ಬಟ್ಟೆ ತೆಗೆದು ಹಾಕಿಕೊಂಡು, ಪುಸ್ತಕವನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡಳು. ದಾರಿಯುದ್ದಕ್ಕೂ ಹೇಳಿಬಿಡೋಣ ಎಂದುಕೊಂಡೆ. "ಏನೇ ಕೋತಿ, ಬಾಯಿಗೆ ಬೀಗ ಬಿದ್ದಿದೆ?" ಎಂದು ಅವಳೇ ಕೇಳಿದಳು. ಹಲ್ಲುನೋವು ಎಂದೆ.

ಶಾಲೆಯ ಸಭಾಂಗಣದಲ್ಲಿ ಅಧಿಕಾರಿ ಪುಸ್ತಕ ಬಿಚ್ಚಿ ಗಟ್ಟಿಯಾಗಿ ಓದಿದರು. "ದಿಂಬು ಎಷ್ಟು ಮೆತ್ತಗಿದೆಯೆಂದರೆ ನನ್ನ ಗಂಡ ಅದರೊಳಗೆ ಮುಳುಗಿಹೋದರು. ಹುಡುಕುವ ಆತುರವಿಲ್ಲ." ಸಭೆಯೆಲ್ಲ ಹೋ ಎಂದು ನಕ್ಕಿತು. ನನ್ನ ಜೀವನದ ಶ್ರೇಷ್ಠ ಕ್ಷಣ, ಅಕ್ಕಾ. "ಬೆಟ್ಟ ನೋಡಲು ಬಂದೆವು. ಬೇಕರಿಯ ಬನ್ನು ಕಚ್ಚಿದ ಮೇಲೆ ಹಲ್ಲಿನ ಡಾಕ್ಟರನ್ನೂ ನೋಡಿದೆವು." ಬೇಕರಿಯವರೊಬ್ಬರೇ ನಗಲಿಲ್ಲ. ಅಧಿಕಾರಿಯ ಬೆರಳು ತಾರೀಕಿನ ಮೇಲೆ ನಿಂತಿತು.

"ಏನಮ್ಮಾ, ಆಗಸ್ಟ್ ಆರರಿಂದ ಇಪ್ಪತ್ತರವರೆಗೆ ಸೇತುವೆ ರಿಪೇರಿಗೆ ಮುಚ್ಚಿತ್ತಲ್ಲ? ಸಹಿ ಹಾಕಿದ್ದೇ ನಾನು. ಇವರೆಲ್ಲ ಹಾರ್ಕೊಂಡು ಬಂದ್ರಾ?"

ನೋಡು ನನ್ನ ಜಾಣತನ. ಸೇತುವೆ ಮುಚ್ಚಿದ್ದರಿಂದ ಮನೆ ಖಾಲಿ ಇತ್ತು, ಮನೆ ಖಾಲಿ ಇದ್ದುದರಿಂದಲೇ ನಾನು ಬರೆಯಲು ಕೂತದ್ದು. ದಿನದಿನದ ತಾರೀಕನ್ನೂ ಶ್ರದ್ಧೆಯಿಂದ ಹಾಕಿದ್ದೆ.

ಅಮ್ಮ ಬಗ್ಗಿ ನೋಡಿದಳು. ಹತ್ತು ವರ್ಷ ನನ್ನ ಕಾಪಿ ಪುಸ್ತಕ ತಿದ್ದಿದವಳಿಗೆ ಎಷ್ಟು ಹೊತ್ತು ಬೇಕು? ತಲೆಯೆತ್ತಿ ಹಿಂದಿನ ಬೆಂಚಿನಲ್ಲಿದ್ದ ನನ್ನನ್ನು ಒಂದು ಸಲ ನೋಡಿದಳು. ಆಮೇಲೆ, "ಬರೆದಿದ್ದು ನಾನೇ ಸಾರ್" ಎಂದಳು.

"ಹನ್ನೊಂದು ಅಂಗಡಿ ಹೊಟ್ಟೆ ಮೇಲೆ ಹೊಡೆದ್ಯಲ್ಲೇ ತಾಯಿ!" ಎಂದು ಬೇಕರಿಯವರು ಎದ್ದು ನಿಂತರು. ನಾನು ಎದ್ದು ನಿಲ್ಲಲಿಲ್ಲ. ಆ ಪುಸ್ತಕದಲ್ಲಿ ಮೂವತ್ತು ಜನ ನಿಜವಾದ ಅತಿಥಿಗಳೂ ಇದ್ದರು. ಅವರನ್ನೂ ಯಾರೂ ನಂಬಲಿಲ್ಲ.

ಈಗ ಬಸ್ಸಿನ ಹಾರ್ನು ಗುಡ್ಡದಾಚೆಯಿಂದ ಕೇಳಿಸುತ್ತದೆ. ಸೈಕಲ್ ಅಂಗಡಿಯವರು ಬಾಗಿಲು ಹಾಕಿದರು. ಬೀದಿಯಲ್ಲಿ ಅಮ್ಮ ಎದುರಾದರೆ ಜನರಿಗೆ ತಟ್ಟನೆ ಚಪ್ಪಲಿ ಸರಿಮಾಡಿಕೊಳ್ಳುವ ಕೆಲಸ ಬೀಳುತ್ತದೆ. ನನಗೆ ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಂದಿನಿಂದ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಾಳೆ. "ಊಟ ತಯಾರಿದೆ, ಬನ್ನಿ." "ನಿಮಗೆ ಬಿಸಿನೀರು ಬೇಕಾ?" ಇಡೀ ವಸತಿಗೃಹದಲ್ಲಿ ಉಳಿದಿರುವ ಏಕೈಕ ಅತಿಥಿ ನಾನು.

ನಿನ್ನೆ ಕೋಣೆಗಳಿಗೆ ಬೀಗ ಹಾಕುವ ದಿನ. ಪದ್ಧತಿಯಂತೆ ಪುಸ್ತಕವನ್ನು ಪೂರ್ತಿ ಓದಿದಳು. ನನ್ನ ನಲವತ್ತೊಂದರಲ್ಲಿ ಒಂದಕ್ಕೂ ತುಟಿ ಅಲುಗಲಿಲ್ಲ. ಆಮೇಲೆ ಹಂಡೆಯ ಒಲೆಯ ಮುಂದೆ ಕೂತು ಒಂದೊಂದೇ ಹಾಳೆ ಹಾಕಿದಳು. ಅದೇ ಪುಸ್ತಕದಲ್ಲಿದ್ದ ಕಳೆದ ವರ್ಷದ ಮುದುಕರ ಹಾಳೆಯನ್ನು ಮಾತ್ರ ಅಡಿಕೋಲು ಇಟ್ಟು ಹುಷಾರಾಗಿ ಹರಿದು, ಮಡಿಸಿ, ಕನ್ನಡಕದ ಡಬ್ಬಿಯಲ್ಲಿಟ್ಟಳು. "ಇವರೊಬ್ಬರಿಗಾದ್ರೂ ನಾನು ಎಂಥವಳು ಅಂತ ಗೊತ್ತು" ಎಂದಳು. ನನಗಲ್ಲ, ಒಲೆಗೆ.

ನೀನು ಒಂದು ಸಲ ಬಂದು ಹೋಗು. ಬಸ್ಸಿಲ್ಲ, ಗುಡ್ಡದಿಂದ ನಡೆಯಬೇಕು. ಕಿರಿಯಳಾದ ನಾನು ಆಶೀರ್ವದಿಸುವಂತಿಲ್ಲವಾದ್ದರಿಂದ, ಸಂಘದ ಮಾಜಿ ಅಧ್ಯಕ್ಷೆಯ ಪರವಾಗಿ, ಅವರ ಅಪ್ಪಣೆಯಿಲ್ಲದೆ, ನಿನಗೂ ಭಾವನಿಗೂ ಹೇರಳ ಆಶೀರ್ವಾದಗಳು.

ಇಂತು ನಿನ್ನ,
ಕೋತಿ
(ಈ ಹೆಸರಿನಿಂದ ಈಗ ಯಾರೂ ಕರೆಯುತ್ತಿಲ್ಲ)

ತಾ.ಕ.: ಕೊಡೆ ನೀನೇ ಇಟ್ಟುಕೋ. ಇನ್ನೊಂದು ವಿಷಯ. ಎರಡನೇ ಕೋಣೆಯ ಆ ಮುದುಕರು ಏನೂ ಬರೆಯದೆ, ಬಾಗಿಲನ್ನೂ ಎಳೆದುಕೊಳ್ಳದೆ ಹೋಗಿದ್ದರು. ಅಕ್ಷರ ಗುರುತು ಸಿಗದಿರಲೆಂದು ಅದೊಂದನ್ನು ಮಾತ್ರ ನಾನು ಎಡಗೈಯಲ್ಲಿ ಬರೆದಿದ್ದೆ.