ಅವ್ವ ಮತ್ತೆ ಮೊಸರು ಕಡೆದಳು

ವಿದ್ಯಾನಗರ, ಹುಬ್ಬಳ್ಳಿ
ರವಿವಾರ, ೧೯ ಜನವರಿ ೨೦೨೫

ಪ್ರೀತಿಯ ಅಕ್ಕಾ,

ನೀನು, ಮಾಮಾ, ಐಶ್ವರ್ಯಾ ಮೂವರೂ ಆರಾಮಾಗಿದ್ದೀರಿ ತಾನೆ? ಬಿಲಾಸಪುರದಲ್ಲಿ ಈ ಸಲ ಚಳಿ ಜೋರಂತೆ. ಮಾಮಾನಿಗೆ ರೈಲ್ವೆಯವರು ರಾತ್ರಿ ಪಾಳಿ ಕೊಡುವುದನ್ನು ನಿಲ್ಲಿಸಿದರೋ ಇಲ್ಲವೋ? ನಿನ್ನ ಮೊಣಕಾಲು ನೋವು ಹೇಗಿದೆ? ಇಷ್ಟು ಕೇಳುವುದಕ್ಕೆ ಪತ್ರ ಯಾಕೆ, ಫೋನ್ ಇರಲಿಲ್ಲವೇ ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ಆರೋಗ್ಯದ ಮಾತು ತೆಗೆದರೆ ಸಾಕು, "ನನಗೇನಾಗೇತೋ, ಗುಂಡಕಲ್ಲಿನಂಗ ಅದೇನಿ" ಎಂದು ನಕ್ಕು ಮಾತು ತಿರುಗಿಸುವವಳು ನೀನು. ಪತ್ರದ ಜೊತೆ ನಗಲು ಬರುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ, ಸುಮ್ಮನೆ ಗಾಬರಿಯಾಗಬೇಡ.

ಆಗಿದ್ದು ಇಷ್ಟು. ದಸರಾ ರಜೆ ಮುಗಿದ ಮೇಲೆ ನಮ್ಮ ಕಾಲೇಜಿನಲ್ಲಿ ಸಿಬ್ಬಂದಿಗೆಲ್ಲ ರಕ್ತ ಪರೀಕ್ಷೆ ಮಾಡಿಸಿದರು. ಆಟ ಕಲಿಸುವ ಮೇಷ್ಟ್ರು ನಾನು, ದಿನಾ ಬೆಳಿಗ್ಗೆ ಹುಡುಗರ ಜೊತೆ ಮೈದಾನ ಸುತ್ತುವವನು, ಹೊಟ್ಟೆ ಬಂದಿಲ್ಲ, ಚಟವಿಲ್ಲ. ಎಲ್ಲರಿಗಿಂತ ಮೊದಲು ಹೋಗಿ ತೋಳು ಚಾಚಿದೆ. ಎರಡು ದಿನ ಬಿಟ್ಟು ಬಂದ ವರದಿಯಲ್ಲಿ ಕೆಟ್ಟ ಕೊಲೆಸ್ಟ್ರಾಲು ಇನ್ನೂರ ಎಪ್ಪತ್ತು! ಬೇರೆಯವರ ರಕ್ತ ನನ್ನ ಹೆಸರಿಗೆ ಬಂದಿರಬೇಕೆಂದು ಇನ್ನೊಂದು ಕಡೆ ಮಾಡಿಸಿದೆ. ಅಲ್ಲೂ ಅಷ್ಟೇ. ಮನೆಯಲ್ಲಿ ಕರುಣಾಳಿಗೆ ಮಾತ್ರ ಹೇಳೋಣವೆಂದುಕೊಂಡೆ. ಆದರೆ ನಮ್ಮ ಮನೆಯಲ್ಲಿ ಅವ್ವನ ಕಿವಿಗೆ ಬೀಳದ ಮಾತು ಯಾವುದಿದೆ ಹೇಳು. ಅಡುಗೆಮನೆಯಿಂದ ಹೊರಗೆ ಬಂದು, ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ, "ಒಂದು ಹನಿ ತುಪ್ಪಾ ಈ ಮನ್ಯಾಗ ತಂದಿಲ್ಲ. ಹೊರಗ ತಿಂದೀ ಏನ? ಖರೇ ಹೇಳು" ಎಂದಳು. ಅವಳ ಮುಖ ನೋಡಿ ನನಗೆ ನನ್ನ ರಕ್ತಕ್ಕಿಂತ ಅವಳ ಚಿಂತೆಯೇ ಹೆಚ್ಚಾಯಿತು. ಡಾಕ್ಟರ ಹತ್ತಿರ ತಾನೂ ಬರುವೆನೆಂದು ಹಟ ಹಿಡಿದಳು.

ಅಕ್ಕಾ, ನಮ್ಮ ಮನೆಗೆ ತುಪ್ಪ ಯಾಕೆ ಬರುತ್ತಿರಲಿಲ್ಲ ಎಂದು ನೀನು ಎಂದಾದರೂ ಯೋಚಿಸಿದ್ದೀಯಾ? ಅವ್ವ ಕೈ ಬಿಗಿ ಎಂದೇ ನೀನು ತಿಳಿದೆ. ನಿನ್ನ ಮದುವೆಯ ಹೋಳಿಗೆಗೆ ವನಸ್ಪತಿ ಹಾಕಿಸಿದಳೆಂದು ನಿನ್ನ ಅತ್ತೆ ಎಷ್ಟು ವರ್ಷ ಆಡಿಕೊಂಡರು, ನೀನು ಅವ್ವನ ಮೇಲೆ ಎಷ್ಟು ಸಿಟ್ಟಾದೆ! ಕರುಣಾ ಮದುವೆಯಾಗಿ ಬರುವಾಗ ಶಿರಗುಪ್ಪಿಯಿಂದ ಅವರಪ್ಪ ಕೊಟ್ಟ ತುಪ್ಪದ ಡಬ್ಬಿಯನ್ನು ಮುಚ್ಚಳ ಸಹ ತೆಗೆಯದೆ ಮಠದ ದಾಸೋಹಕ್ಕೆ ಕೊಟ್ಟುಬಿಟ್ಟಿದ್ದಳು. ಆ ಹುಡುಗಿ ಪಾಪ, ತನ್ನ ತವರಿನದು ಇವರಿಗೆ ಹಿಡಿಸಲಿಲ್ಲವೆಂದು ಕಣ್ಣು ಒದ್ದೆ ಮಾಡಿಕೊಂಡಿದ್ದಳು. ನನಗೂ ಕಾರಣ ಪೂರ್ತಿ ಗೊತ್ತಿರಲಿಲ್ಲ. ಒಂದು ಮಾತು ಮಾತ್ರ ನೆನಪಿನಲ್ಲಿ ಉಳಿದಿತ್ತು. ನಮ್ಮೂರು ಸುಳ್ಳದಲ್ಲಿ ಅಪ್ಪ ಹತ್ತಿ ಹೊಲದ ಬದುವಿನ ಮೇಲೆ ಕೂತವನು ಏಳಲೇ ಇಲ್ಲವಲ್ಲ, ಆ ದಿನ ಅವನ ಶವವನ್ನು ಪಡಸಾಲೆಯಲ್ಲಿ ಕೂರಿಸಿದ್ದಾಗ ನೀನು ಒಳಗೆ ಅಳುತ್ತಿದ್ದೆ, ನಾನು ಕಂಬದ ಪಕ್ಕ ನಿಂತಿದ್ದೆ. ದೊಡ್ಡವ್ವ ಎಲ್ಲರ ಎದುರು ಅವ್ವನಿಗೆ, "ರೊಟ್ಟಿಗೊಂದು ಮುದ್ದಿ ಬೆಣ್ಣಿ ಇಕ್ಕಿದಿ. ಎದಿ ಎಷ್ಟಂತ ತಡೀತದ?" ಎಂದಳು. ಅವ್ವ ಆ ತಿಂಗಳು ಮುಗಿಯುವುದರೊಳಗೆ ಎರಡೂ ಎಮ್ಮೆ ಮಾರಿದಳು. ನಮ್ಮನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದು ಮನೆಮನೆಗೆ ರೊಟ್ಟಿ ಬಡಿದುಕೊಟ್ಟು ಓದಿಸಿದಳು. ಎಮ್ಮೆ ಮಾರಿದ್ದು ಖರ್ಚಿಗೆ ಎಂದು ನಾವು ತಿಳಿದೆವು.

ಡಾಕ್ಟರು ಸುಹಾಸಿನಿ ಎಂದು, ಧಾರವಾಡದವರು, ಮಾತು ಮೆತ್ತಗೆ. ವರದಿ ನೋಡಿದವರೇ ಊಟದ ಬಗ್ಗೆ ಏನೂ ಕೇಳದೆ ನನ್ನ ಬೂಟು ಕಾಲುಚೀಲ ಬಿಚ್ಚಿಸಿದರು. ಹಿಮ್ಮಡಿಯ ಮೇಲೆ ಹಗ್ಗದಂತೆ ಬಿಗಿದಿರುವ ನರ ಇದೆಯಲ್ಲ, ಅದನ್ನು ಎರಡು ಬೆರಳಲ್ಲಿ ಹಿಡಿದು ಮೇಲಿಂದ ಕೆಳಗೆ ಒತ್ತಿ ನೋಡಿದರು. ಅದು ದಪ್ಪಗೆ, ಗಂಟು ಗಂಟಾಗಿದೆ. ಓಡಿ ಓಡಿ ಹಾಗಾಗಿದೆ ಎಂದು ನಾನು ವರ್ಷಗಳಿಂದ ಅದರ ಕಡೆ ಲಕ್ಷ್ಯವೇ ಕೊಟ್ಟಿರಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ಅವ್ವ ಎದ್ದು ಬಂದಳು. "ಇವರಪ್ಪಗೂ ಹಿಂಗ ಇತ್ರಿ. ಚಪ್ಪಲಿ ಪಟ್ಟಿ ತಿಕ್ಕಿ ಗಾಯ ಆಗೂದು. ನಾನ ಕೊಬ್ಬರಿ ಎಣ್ಣಿ ಹಚ್ಚತಿದ್ದೆ" ಎಂದಳು. ಡಾಕ್ಟರು ನನ್ನ ಕಾಲು ಬಿಟ್ಟು ಅವ್ವನ ಕಡೆ ತಿರುಗಿದರು. ಅಪ್ಪ ಹೋದಾಗ ವಯಸ್ಸೆಷ್ಟು, ಅಜ್ಜ ಹೇಗೆ ಹೋದ, ಒಂದೊಂದೇ ಕೇಳಿದರು. ಅಪ್ಪನಿಗೆ ನಲವತ್ತಮೂರು. ಅಜ್ಜನೂ ಐವತ್ತು ಮುಟ್ಟಲಿಲ್ಲ. ಆಮೇಲೆ ಹೇಳಿದರು, "ಇದು ವಂಶದಾಗ ಬಂದದ್ದು ಅದ ನೋಡ್ರಿ. ಕೊಲೆಸ್ಟ್ರಾಲು ರಕ್ತದಿಂದ ತಗದು ಹಾಕೂ ಶಕ್ತಿ ಇವರ ಲಿವರಿಗೆ ಹುಟ್ಟಿದಾಗಿಂದ ಕಡಿಮಿ. ಹಿಮ್ಮಡಿ ನರದಾಗ ಗಂಟು ಕಟ್ಟಿದ್ದೂ ಅದ ಕೊಲೆಸ್ಟ್ರಾಲು."

ಅವ್ವ, "ಹಂಗಾರ ನಾ ಇಕ್ಕಿದ ಬೆಣ್ಣಿಯಿಂದ ಅಲ್ಲೇನ್ರಿ?" ಎಂದು ಕೇಳಿದಳು. ಅಕ್ಕಾ, ಇಪ್ಪತ್ತೆರಡು ವರ್ಷ ಒಬ್ಬಳೇ ಹೊತ್ತುಕೊಂಡು ಬಂದ ಪ್ರಶ್ನೆ ಅದು. ನನಗೆ ತಲೆ ಎತ್ತಲಾಗಲಿಲ್ಲ. ಡಾಕ್ಟರು ಒಳ್ಳೆಯವರು, ಸುಳ್ಳು ಸಮಾಧಾನ ಹೇಳಲಿಲ್ಲ. "ಬೆಣ್ಣಿ ಒಂದಿಷ್ಟು ಏರಿಸಿರಬಹುದು. ಇಲ್ಲ ಅನ್ನಂಗಿಲ್ಲ. ಆದ್ರ ಬರೇ ಬೆಣ್ಣಿಯಿಂದ ಹಿಂಗ ಆಗೂದಿಲ್ಲ. ನಿಮ್ಮ ಮಗಾ ಇಷ್ಟು ವರ್ಷ ಬೆಣ್ಣಿ ಮುಟ್ಟಿಲ್ಲ, ಆದ್ರೂ ಇವರದು ಇಷ್ಟದ. ನೀವೇನ ತಪ್ಪ ಮಾಡೀರಿ?" ಎಂದರು. ಅವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, "ಇನ್ನೊಮ್ಮಿ ಹೇಳ್ರಿ" ಎಂದಳು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅವರು ಇನ್ನೊಮ್ಮೆ ಮೊದಲಿನಿಂದ, ನಿಧಾನವಾಗಿ ಹೇಳಿದರು.

ಆಮೇಲೆ ಊಟದ ವಿಚಾರಣೆ ಶುರುವಾಯಿತು ನೋಡು! ಬೆಣ್ಣೆ ತುಪ್ಪ ಬಿಟ್ಟು ನಾವು ತಿಂದದ್ದೇನು? ವನಸ್ಪತಿಯ ಹೋಳಿಗೆ, ದಿನಾ ಎರಡು ಹೊತ್ತು ಚಹಾದಲ್ಲಿ ಅದ್ದಿ ಬೇಕರಿಯ ಖಾರಿ, ಟೋಸ್ಟು. ಅವ್ವ ಹೆಮ್ಮೆಯಿಂದ ಹೇಳುತ್ತ ಹೋದಳು, ಡಾಕ್ಟರು ಹಣೆ ಒತ್ತಿಕೊಂಡರು. ಆ ಗಟ್ಟಿ ಮಾಡಿದ ಎಣ್ಣೆಯಲ್ಲಿ ಬೆಣ್ಣೆಗಿಂತ ಕೆಟ್ಟದ್ದಿರುತ್ತದಂತೆ, ಜೊತೆಗೆ ಮೈದಾ. ಅಂದು ನೋಡಿದಾಗ ಅವ್ವನ ರಕ್ತದ ಸಕ್ಕರೆಯೂ ಗಡಿಗೆ ಬಂದು ನಿಂತಿತ್ತು. ಖಾರಿಯ ಡಬ್ಬಿ ಅಂದೇ ಖಾಲಿಯಾಯಿತು. ಹಾಲಿನ ಕೊಬ್ಬೆಲ್ಲ ಒಂದೇ ರೀತಿ ಕೆಲಸ ಮಾಡುವುದಿಲ್ಲ ಎಂದೂ ಹೇಳಿದರು. ಬೆಣ್ಣೆ, ತುಪ್ಪ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುವಷ್ಟು ಮೊಸರು ಏರಿಸುವುದಿಲ್ಲ. ಹಾಲಿನಲ್ಲಿ ಕೊಬ್ಬಿನ ಒಂದೊಂದು ಹನಿಯ ಸುತ್ತಲೂ ತೆಳು ಪೊರೆ ಇರುತ್ತದಂತೆ. ಕಡೆದಾಗ ಅದು ಒಡೆದು, ಬಹಳಷ್ಟು ಮಜ್ಜಿಗೆಯಲ್ಲೇ ಉಳಿಯುತ್ತದೆ. ಕೊಬ್ಬು ಮೇಲೆ ಬಂದು ಬೆಣ್ಣೆಯಾಗುತ್ತದೆ. ಆ ಪೊರೆಗೂ ಏನೋ ಗುಣವಿದೆಯೆಂದು ಈಗ ಸಂಶೋಧನೆ ನಡೆದಿದೆಯಂತೆ. ಅವ್ವ, "ಹಂಗಾರ ಇವಗ ಮಜ್ಜಗಿ ನಡೀತೈತಿ" ಎಂದು ಅಲ್ಲೇ ತೀರ್ಮಾನ ಕೊಟ್ಟಳು. ನಡೆಯುತ್ತದೆ, ಆದರೆ ಗುಳಿಗೆ ಮಾತ್ರ ಜನ್ಮವಿಡೀ ತಪ್ಪಿಸುವಂತಿಲ್ಲ ಎಂದರು ಡಾಕ್ಟರು.

ಗುಳಿಗೆ ತಪ್ಪಿಸಿಲ್ಲ ಮಾರಾಯ್ತಿ. ಹೋದ ವಾರ ಮತ್ತೆ ನೋಡಿದರು, ನೂರ ಇಪ್ಪತ್ತೆಂಟಕ್ಕೆ ಬಂದಿದೆ, ಇನ್ನೂ ಇಳಿಸುತ್ತಾರಂತೆ. ಹೃದಯದ ಚಿತ್ರವೂ ಸ್ವಚ್ಛವಾಗಿದೆ. ನಮ್ಮ ಚಿನ್ಮಯಿಯ ರಕ್ತವನ್ನೂ ನೋಡಿದರು. ನನ್ನ ಮಗಳಿಗೆ ಇದು ಬಂದಿಲ್ಲ. ಆ ಸಂಜೆ ಕರುಣಾ ಎಷ್ಟೋ ವಾರಗಳ ಮೇಲೆ ಹಾಡು ಗುನುಗುತ್ತ ಅಡುಗೆ ಮಾಡಿದಳು.

ಇನ್ನು ಭೋಗಿ ದಿನದ ಮಾತು. ಹಿಂದಿನ ಓಣಿಯ ಶಹಜಹಾನಬೇಗಂ ಅವರ ಮನೆಯಲ್ಲಿ ಎಮ್ಮೆ ಇದೆ. ಅವ್ವ ತಾನೇ ಹೋಗಿ ಗಟ್ಟಿ ಹಾಲು ತಂದು ಹೆಪ್ಪು ಹಾಕಿದ್ದಳು. ಬೆಳಿಗ್ಗೆ ನಾನು ಮೈದಾನದಿಂದ ಬಂದಾಗ ಹಿತ್ತಲಿನ ಬಿಸಿಲಿನಲ್ಲಿ ಕೂತು ಮೊಸರು ಕಡೆಯುತ್ತಿದ್ದಳು. ಕೈ ಮರೆತಿರಲಿಲ್ಲ. ಬೆಣ್ಣೆ ತೇಲಿದಾಗ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿದಳು. ನನಗೆ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಲೋಟದ ತುಂಬ ಮಜ್ಜಿಗೆ. ಚಿನ್ಮಯಿಯ ರೊಟ್ಟಿಯ ಮೇಲೆ ಅಡಿಕೆ ಗಾತ್ರದ ಬೆಣ್ಣೆ. ಆಮೇಲೆ ತನ್ನ ರೊಟ್ಟಿಯ ಮೇಲೂ ಅಷ್ಟೇ ಇಟ್ಟುಕೊಂಡಳು. ಅವಳು ಬೆಣ್ಣೆ ತಿಂದದ್ದು ನಾನು ನೋಡಿ ಎಷ್ಟು ಕಾಲವಾಗಿತ್ತು! ತಿನ್ನುತ್ತ ತಿನ್ನುತ್ತ ಒಮ್ಮೆಲೇ ನಕ್ಕಳು. "ನಿಮ್ಮಪ್ಪ ನೆಲುವಿನಾಗಿನ ಬೆಣ್ಣಿ ಕದ್ದು ತಿಂದು ಬೆಕ್ಕಿನ ಮ್ಯಾಲ ಹಾಕತಿದ್ದ. ಮೀಸಿಗೆ ಹತ್ತಿರತಿತ್ತು, ಅದ ತಿಳೀತಿದ್ದಿಲ್ಲ ಅವಗ" ಎಂದಳು. ಅಪ್ಪನ ಬಗ್ಗೆ ಅವಳ ಬಾಯಲ್ಲಿ ನಾನು ಕೇಳಿದ ಮೊದಲ ತಮಾಷೆ ಅದು. ಅಂದಿನಿಂದ ದಿನಕ್ಕೊಂದು ಹೊಸದು ಹೇಳುತ್ತಿದ್ದಾಳೆ. ಚಿನ್ಮಯಿ ಬಿಡುವುದಿಲ್ಲ, ಮುಂದೇನಾಯಿತು ಎಂದು ಬೆನ್ನು ಬೀಳುತ್ತಾಳೆ. ನೀನು ಬಂದರೆ ನಿನಗೂ ಹೇಳುತ್ತಾಳೆ. ಯುಗಾದಿಗೆ ರಜೆ ಹಾಕಿ ಬಾ.

ಅವ್ವ ನಿಮ್ಮೆಲ್ಲರಿಗೂ ಆಶೀರ್ವಾದ ಹೇಳಿದ್ದಾಳೆ. ಮಾಮಾನಿಗೆ ನನ್ನ ಶರಣು, ಐಶ್ವರ್ಯಾಳ ಕೆನ್ನೆಗೊಂದು ಮುತ್ತು. ಕರುಣಾ ಎಳ್ಳು ಬೆಲ್ಲದ ಪೊಟ್ಟಣ ಬೇರೆ ಕಳಿಸಿದ್ದಾಳೆ.

ನಿನ್ನ ತಮ್ಮ,
ಬಸವಕಿರಣ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವ್ವ ಓದಿಸಿ ಕೇಳಿ, ಮುಖ್ಯವಾದದ್ದನ್ನೇ ಬರೆದಿಲ್ಲ ಎಂದು ಬೈದಳು. ನನಗೆ ಹೇಗೆ ಹೇಳುವುದೋ ತಿಳಿಯದೆ ಬಿಟ್ಟಿದ್ದೆ. ಅಕ್ಕಾ, ಇದು ಅಪ್ಪನಿಂದ ನನಗೆ ಬಂದ ಹಾಗೆ ನಿನಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ನಿನಗೆ ಬಂದಿದ್ದರೆ ಐಶ್ವರ್ಯಾಳಿಗೂ ಅಷ್ಟೇ. ಹೆಂಗಸರಿಗೆ ಬರುವುದಿಲ್ಲ ಎಂದೇನೂ ಇಲ್ಲವಂತೆ. ಈ ವಾರವೇ ಇಬ್ಬರೂ ರಕ್ತ ಕೊಟ್ಟು ಬನ್ನಿ, ಬಂದ ಅಂಕಿಯನ್ನು ನನಗೆ ತಿಳಿಸು. ಅವ್ವ ಪಕ್ಕದಲ್ಲೇ ನಿಂತು ಹೇಳುತ್ತಿದ್ದಾಳೆ, ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ: "ಅಂಜಬ್ಯಾಡ ಅನ್ನು. ನಿಮ್ಮಪ್ಪಗ ಗೊತ್ತ ಆಗಲಿಲ್ಲ, ಅದಕ್ಕ ಹೋದ. ಆಕಿಗೆ ಗೊತ್ತಾದ್ರ ಗುಳಿಗಿ ಐತಿ."