ಎಂಟನೆಯ ಸರದಿಯ ಆ ಚೆಂಡು

ಮಿಲ್‌ಬರ್ಗ್, ಪೆನ್ಸಿಲ್ವೇನಿಯಾ
ಆಗಸ್ಟ್ 9, 1999, ಸೋಮವಾರ

ಪ್ರೀತಿಯ ತಮ್ಮ ಟಾಡೆಕ್,

ಹೇಗಿದ್ದೀಯೋ? ಮೊಣಕಾಲು ನೋವು ಹೇಗಿದೆ? ಟೂಸಾನಿನ ಬಿಸಿಲಿಗೆ ನೋವು ತಗ್ಗಿದೆ ಎಂದು ಕ್ರಿಸ್‌ಮಸ್ ಕಾರ್ಡಿನಲ್ಲಿ ಬರೆದಿದ್ದೆ. ಅಷ್ಟೇ, ಎರಡು ಸಾಲು. ಬಸ್ಸು ಓಡಿಸುವುದನ್ನು ಬಿಟ್ಟೆಯೋ, ಊಟ ಯಾರು ಮಾಡಿಹಾಕುತ್ತಾರೋ, ಒಂದೂ ಇಲ್ಲ. ನಿನ್ನ ಮೇಲೆ ಸಿಟ್ಟು ಮಾಡುವ ಹಕ್ಕು ನನಗಿಲ್ಲ ಎಂದು ಗೊತ್ತು. ಆದರೂ ಅಕ್ಕನಾಗಿ ಹುಟ್ಟಿದ ಮೇಲೆ ಬೈಯದೆ ಇರುವುದು ಹೇಗೆ? ನಾನು ಚೆನ್ನಾಗಿದ್ದೇನೆ. ಕಣ್ಣಿನ ಪೊರೆ ತೆಗೆಸಿಕೊಂಡೆ. ಈಗ ಮೈದಾನದ ಪ್ರೆಸ್ ಬಾಕ್ಸಿನಿಂದ ಚೆಂಡೆಸೆಯುವ ಪಿಚರ್‌ನ ಮೂಗಿನ ಬೆವರೂ ಕಾಣುತ್ತದೆ.

ನಮ್ಮ ಹೆರನ್ಸ್ ಬೇಸ್‌ಬಾಲ್ ತಂಡಕ್ಕೆ ಈ ವರ್ಷ ಐವತ್ತು ತುಂಬಿತು. ಹಳೆಯ ಸೀಸನ್ನುಗಳ ಮರೆಯಲಾಗದ ಗಳಿಗೆಗಳನ್ನು ಸೇರಿಸಿ ಪುಸ್ತಕ ಮಾಡುತ್ತಿದ್ದಾರೆ. ಇಪ್ಪತ್ತೈದು ವರ್ಷ ಸ್ಕೋರ್ ಬರೆದ ಮುದುಕಿ ಇರುವಾಗ ಬೇರೆ ಯಾರು ಬರೆಯಬೇಕು ಎಂದು ನನ್ನ ತಲೆಗೇ ಕಟ್ಟಿದರು. ಖುಷಿಯಿಂದಲೇ ಶುರು ಮಾಡಿದೆ. ನದಿಯಿಂದ ಮಂಜು ನುಗ್ಗಿ ಆಟ ನಿಂತಾಗ, ಮೂಲೆಯ ಫೀಲ್ಡರನಿಗೆ ಹೇಳಲು ಎಲ್ಲರೂ ಮರೆತು, ಆ ಪುಣ್ಯಾತ್ಮ ಅರ್ಧ ಗಂಟೆ ಒಬ್ಬನೇ ಮೊಣಕಾಲು ಬಗ್ಗಿಸಿ ಚೆಂಡಿಗೆ ಕಾದದ್ದನ್ನು ಬರೆದೆ. ಒಂಬತ್ತು ಸರದಿಗೆ ಮುಗಿಯಬೇಕಾದ ಆಟ ಹದಿನೇಳರವರೆಗೆ ಎಳೆದು ಅಂಗಡಿಯ ಹಾಟ್‌ಡಾಗ್ ಖಾಲಿಯಾದಾಗ ಚರ್ಚಿನ ಹೆಂಗಸರು ಬಕೆಟ್‌ಗಟ್ಟಲೆ ಪಿಯೆರೋಗಿ ಕಡುಬು ತಂದು ಹಂಚಿದ್ದನ್ನೂ ಬರೆದೆ. ನೀನು ಹನ್ನೊಂದು ತಿಂದು ಹೊಟ್ಟೆ ಹಿಡಿದುಕೊಂಡು ಕೂತದ್ದನ್ನು ಮಾತ್ರ ಬರೆಯಲಿಲ್ಲ, ಹೆದರಬೇಡ.

ಮೊದಲ ಪುಟಕ್ಕೆ ಅವರೇ ಆರಿಸಿದ್ದು 1974ರ ಆಗಸ್ಟ್ ತಿಂಗಳಿನ ಆಟ. ನಮ್ಮ ಪಿಚರ್ ಹೂಪರ್ ಎದುರಾಳಿಗೆ ಒಂದೇ ಒಂದು ಹಿಟ್ ಕೂಡ ಕೊಡದೆ ಮುಗಿಸಿದ ಆಟ. ಐವತ್ತು ವರ್ಷದಲ್ಲಿ ನಮ್ಮವರಿಗೆ ಅಂಥದ್ದು ಅದೊಂದೇ. ಆ ಪುಟದ ಮುಂದೆ ಮೂರು ವಾರ ಕೂತು ಎದ್ದೆ, ಟಾಡೆಕ್. ಕೈ ಓಡಲಿಲ್ಲ.

ಸ್ಟ್ಯಾನ್‌ಗೆ ಕೈನಡುಕ ಬಂದು, ಗಂಡನ ಸ್ಕೋರರ್ ಕೆಲಸ ನನ್ನ ಪಾಲಿಗೆ ಬಂದ ಮೊದಲ ವರ್ಷ ಅದು. ನೀನು ಅದೇ ತಂಡದಲ್ಲಿ ಆಡುತ್ತಿದ್ದೆಯಲ್ಲ, ಪ್ರೆಸ್ ಬಾಕ್ಸಿನ ಗಂಡಸರು ಏಪ್ರಿಲ್‌ನಿಂದಲೇ ಕಿಚಾಯಿಸುತ್ತಿದ್ದರು. "ಹೆಂಗಸಿನ ಕೈಗೆ ಪೆನ್ಸಿಲ್ ಕೊಟ್ಟಿದ್ದಾರಪ್ಪಾ, ಇನ್ನು ಆಯಮ್ಮನ ತಮ್ಮ ಚೆಂಡು ಬಿಟ್ರೂ ಅದು ಗಾಳಿಯ ತಪ್ಪು!" ಎಂಟನೆಯ ಸರದಿಯಲ್ಲಿ ಆ ಚೆಂಡು ನಿನ್ನ ಕಡೆಗೆ ಉರುಳಿತು. ನೀನು ಸರಿಯಾಗಿ ಬಗ್ಗಿದ್ದೆ, ಕೈಗವಸು ನೆಲಕ್ಕೇ ತಾಗಿತ್ತು. ಹುಲ್ಲಿನ ಅಂಚಿನಲ್ಲಿ ಕಲ್ಲಿಗೆ ತಗುಲಿ ಚೆಂಡು ಚಂಗನೆ ಎಗರಿ ನಿನ್ನ ಭುಜಕ್ಕೆ ಬಡಿಯಿತು. ಆ ಕಲ್ಲಿನ ಧೂಳು ಎದ್ದದ್ದನ್ನು ನಾನು ನೋಡಿದೆ. ಕಣ್ಣಾರೆ ನೋಡಿದೆ. ಇಡೀ ಮೈದಾನ ತಿರುಗಿ ಮೇಲೆ ನನ್ನ ಕಿಟಕಿಯನ್ನೇ ನೋಡುತ್ತಿತ್ತು. ಬ್ಯಾಟ್ ಹಿಡಿದವನು ಗಳಿಸಿದ ಹಿಟ್ ಅದೋ, ಹಿಡಿಯಬಹುದಾದದ್ದನ್ನು ನೀನು ಬಿಟ್ಟ ತಪ್ಪೋ, ತೀರ್ಪು ಸ್ಕೋರರ್ ಆದ ನನ್ನದು. ಹಿಟ್ ಎಂದರೆ ಹೂಪರನ ಆಟ ಹಾಳು, ತಪ್ಪು ಎಂದರೆ ನಿನ್ನ ತಲೆಗೆ. ಪಕ್ಕದಿಂದ ಪತ್ರಿಕೆಯ ಮುದುಕ ಕೋವಾಲ್ ನಗುತ್ತಾ, "ಲೋಟ್ಟಿ, ತಮ್ಮನ್ನ ಉಳಿಸ್ಕೋತೀಯೋ ಹೂಪರನ್ನ ಉಳಿಸ್ತೀಯೋ, ಬೇಗ ಹೇಳಮ್ಮಾ" ಅಂದ. ನಾನು ನಿನ್ನ ಹೆಸರಿಗೆ ತಪ್ಪು ಬರೆದೆ.

ಸ್ಕೋರ್ ಫಲಕದಲ್ಲಿ ಅದು ಮೂಡಿದ ಕೂಡಲೇ ನಾಲ್ಕು ಸಾವಿರ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿನ್ನ ತಪ್ಪಿಗೆ! ನೀನು ಒಂದು ಸಲ ತಲೆ ಎತ್ತಿ ನನ್ನ ಕಿಟಕಿ ನೋಡಿದೆ, ಆಮೇಲೆ ನಿನ್ನ ಜಾಗಕ್ಕೆ ಹೋಗಿ ಬಗ್ಗಿ ನಿಂತೆ. ತೀರ್ಪು ಬದಲಿಸಲು ಇಪ್ಪತ್ತನಾಲ್ಕು ಗಂಟೆ ಸಮಯವಿತ್ತು. ಬೆಳಗ್ಗೆ ಲೀಗಿನ ಕಚೇರಿಗೆ ಫೋನ್ ಮಾಡಲು ಹೋದೆ. ಮೇಜಿನ ಮೇಲಿದ್ದ ಪತ್ರಿಕೆಯ ಫೋಟೋದಲ್ಲಿ ಹೂಪರ್ ತನ್ನ ತಾಯಿಯನ್ನು ಎತ್ತಿಕೊಂಡು ನಗುತ್ತಿದ್ದ. ಫೋನ್ ಕೆಳಗಿಟ್ಟೆ.

ಅದಕ್ಕಿಂತ ದೊಡ್ಡ ಪಾಪ ಅಡುಗೆಮನೆಯಲ್ಲಿ ಮಾಡಿದೆ. ನೀನು ಬಂದು ಕೇಳಿದೆಯಲ್ಲ, "ಅಕ್ಕಾ, ನಿಜ ಹೇಳು, ಅದನ್ನ ಹಿಡಿಯೋಕಾಗ್ತಿತ್ತಾ?" ಅಂತ. ನಾನು ಸೂಪು ತಿರುವುತ್ತಾ, ನಿನ್ನ ಮುಖವನ್ನೂ ನೋಡದೆ, "ಮನಸ್ಸು ಮಾಡಿದ್ರೆ ಆಗ್ತಿತ್ತು ಕಣೋ" ಅಂದೆ. ನೀನು ಅದನ್ನು ನಂಬಿದೆ. ಚಳಿಗಾಲವೆಲ್ಲ ಶಾಲೆಯ ಗೋಡೆಗೆ ಚೆಂಡು ಎಸೆದು ಎಸೆದು ಹಿಡಿದೆ, ಬೆರಳು ಊದುವವರೆಗೆ. ವಸಂತ ಬರುವ ಹೊತ್ತಿಗೆ ತಂಡ ನಿನ್ನನ್ನು ಬಿಟ್ಟುಬಿಟ್ಟಿತು. ನೀನು ಪಶ್ಚಿಮಕ್ಕೆ ಹೋಗುವ ಬಸ್ಸು ಹತ್ತಿದೆ.

ಈಗ ಆ ಪುಟ ಬರೆದು ಕೊಟ್ಟಿದ್ದೇನೆ. ಅದು ಹಿಟ್, ಟಾಡೆಕ್ ತಪ್ಪು ಮಾಡಲಿಲ್ಲ, ತಪ್ಪು ಬರೆದವಳು ನಾನು ಎಂದು ಹೆಸರು ಹಾಕಿ ಬರೆದಿದ್ದೇನೆ. ಕಚೇರಿಯವರು "ಹಬ್ಬದ ಪುಸ್ತಕದಲ್ಲಿ ಇದೆಲ್ಲ ಯಾಕೆ ಆಂಟೀ?" ಎಂದು ರಾಗ ಎಳೆದರು. ಹೂಪರನಿಗೆ ನಾನೇ ಫೋನ್ ಮಾಡಿದೆ. ಅವನು ಹೇಳಿದ: "ನಂಗೂ ಗೊತ್ತಿತ್ತು ಲೋಟ್ಟಿ. ನೀವು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಬರೀರಿ." ಒಳ್ಳೆಯ ಮನುಷ್ಯ. 28ರ ಶನಿವಾರ ಸಮಾರಂಭ. ಹಳೆಯ ಆಟಗಾರರೆಲ್ಲ ಬರುತ್ತಾರೆ. ನೀನೂ ಬಾ. ನಿನ್ನ ಕೋಣೆ ಗುಡಿಸಿಟ್ಟಿದ್ದೇನೆ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಹೋಟೆಲಿನಲ್ಲಿಯೇ ಇಳಿದುಕೋ, ಆದರೆ ಬಾ.

ದೇವಮಾತೆ ನಿನ್ನನ್ನು ಕಾಯಲಿ. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು, ಸೋಮಾರಿತನ ಮಾಡಬೇಡ.

ನಿನ್ನ ಅಕ್ಕ,
ಲೋಟ್ಟಿ

ತಾ.ಕ. ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಪುಸ್ತಕದಲ್ಲೂ ಇದಿಲ್ಲ, ಸ್ಟ್ಯಾನ್‌ಗೂ ಸಾಯುವವರೆಗೆ ಹೇಳಲಿಲ್ಲ. ಅವತ್ತು ದೊಡ್ಡ ಲೀಗಿನ ತಂಡವೊಂದರಿಂದ ಆಟಗಾರರನ್ನು ಆರಿಸುವವರೊಬ್ಬರು ಬಂದಿದ್ದರು. ಹೂಪರನನ್ನು ನೋಡಲು ಅಲ್ಲ, ನಿನ್ನನ್ನು. ಆಟ ಮುಗಿದ ಮೇಲೆ ಮೆಟ್ಟಿಲು ಹತ್ತಿ ನನ್ನ ಬಳಿ ಬಂದು, "ನಾನು ಕೂತ ಕಡೆಯಿಂದ ಸರಿಯಾಗಿ ಕಾಣ್ಲಿಲ್ಲಮ್ಮಾ. ಹುಡುಗ ನಂಗೆ ಇಷ್ಟ ಆದ. ಆ ಚೆಂಡು ಕಲ್ಲಿಗೆ ಏನಾದ್ರೂ ತಗುಲಿ ಎಗರ್ತಾ?" ಎಂದು ಕೇಳಿದರು. ಕೋವಾಲ್ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ನಾನು, "ಇಲ್ಲ, ನೆಟ್ಟಗೇ ಬಂತು" ಅಂದೆ.